ಹತ್ತು ಸೆಕೆಂಡಿನ ಗಡುವು

ನರಸಿಂಹರಾಜಪುರ
14 ಆಗಸ್ಟ್ 2006

ಗಂಗಾಧರ್ ಅವರಿಗೆ ದಾಕ್ಷಾಯಿಣಿಯ ನಮಸ್ಕಾರಗಳು.

ನಿಶ್ಚಿತಾರ್ಥವಾಗಿ ವಾರ ಕಳೆಯುವುದರೊಳಗೆ ಹುಡುಗಿ ಕಾಗದ ಬರೆಯುವುದುಂಟೇ ಎಂದು ಗಾಬರಿಯಾಗಬೇಡಿ. ಇದು ಕಂಪ್ಯೂಟರಿನ ಕಾಗದ. ಅಪ್ಪನಿಗೂ ಹಾಗೆಂದೇ ಹೇಳಿದ್ದೇನೆ. ಫೋನ್ ಮಾಡೋಣವೆಂದರೆ ನಮ್ಮ ಫೋನ್ ಇರುವುದು ಅಪ್ಪನ ದಿನಸಿ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕ. ನಾನು ರಿಸೀವರ್ ಎತ್ತಿದರೆ ಸಕ್ಕರೆ ಕಟ್ಟಿಸಿಕೊಳ್ಳಲು ಬಂದವರೂ ಮಾತು ನಿಲ್ಲಿಸಿ ಕಿವಿ ಕೊಡುತ್ತಾರೆ.

ವಿಷಯ ಇಷ್ಟು. ನನ್ನ ಟೈಪಿಂಗ್ ಸೆಂಟರಿನಲ್ಲಿರುವ ಕಂಪ್ಯೂಟರನ್ನು ಎರಡು ವರ್ಷದ ಹಿಂದೆ ಒಂದು ಕಾಫಿ ಎಸ್ಟೇಟಿನ ಆಫೀಸಿನಿಂದ ಕೊಂಡದ್ದು. ಒಳಗೆ ವಿಂಡೋಸ್ ಇತ್ತು, ಅದರ ಸಿ.ಡಿ. ಮಾತ್ರ ಕೊಡಲಿಲ್ಲ. ಕೇಳಿದ್ದಕ್ಕೆ ಅಲ್ಲಿ ಲೆಕ್ಕ ಬರೆಯುವ ರೈಟರು ಎಲ್ಲೋ ಇರಬೇಕು ಎಂದರು, ಅಲ್ಲಿಗೆ ಆ ಕಥೆ ಮುಗಿಯಿತು. ಈಗ ಪೆನ್ ಡ್ರೈವ್ ತಂದವರೆಲ್ಲ ಅರ್ಜಿಯ ಜೊತೆ ಒಂದೊಂದು ವೈರಸ್ಸನ್ನೂ ತರುತ್ತಿದ್ದಾರೆ.

ಹುಡುಗಿ ನೋಡಲು ಬಂದ ದಿನ ನಮ್ಮಿಬ್ಬರನ್ನು ಜಗಲಿಯಲ್ಲಿ ಹತ್ತು ನಿಮಿಷ ಮಾತಾಡಲು ಬಿಟ್ಟರಲ್ಲ, ಆಗ ನೀವು ಲಿನಕ್ಸ್ ಎಂಬುದರ ವಿಷಯ ಹೇಳಿದಿರಿ. ಅದಕ್ಕೆ ಈ ವೈರಸ್ಸುಗಳು ತಗಲುವುದಿಲ್ಲ, ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಳ್ಳಬಹುದು ಎಂದಿರಿ. (ಬೇರೆ ಗಂಡುಗಳು ಅಡುಗೆ ಬರುತ್ತದೆಯೇ ಎಂದು ಕೇಳಿದ್ದರು.) ಆ ಮಾತಿಗೇ ನಾನು ನಿಮ್ಮನ್ನು ಒಪ್ಪಿದ್ದು ಎಂದರೆ ನಂಬುತ್ತೀರೋ ಇಲ್ಲವೋ. ನನಗೆ ವಿಂಡೋಸ್ ಬಿಡಲಾಗದು, ಕನ್ನಡ ಟೈಪಿಂಗಿನ ತಂತ್ರಾಂಶ ಅದರಲ್ಲಿದೆ, ಎರಡು ವರ್ಷದ ಕೆಲಸವೆಲ್ಲ ಅದರಲ್ಲಿದೆ. ಲಿನಕ್ಸೂ ಬೇಕು. ಹೇಗೆ ಹಾಕುವುದು ಎಂದು ಬಿಡಿಸಿ ಬರೆಯಿರಿ.

ಇನ್ನೊಂದು. ಮದುವೆ ಮಾಘದಲ್ಲಿ ಎಂದಿದ್ದಾರೆ. ಆಮೇಲೂ ಕೊಪ್ಪದಿಂದ ಬೆಳಗಿನ ಬಸ್ಸಿಗೆ ಇಲ್ಲಿಗೆ ಬಂದು, ಸಂಜೆ ವಾಪಸಾಗಿ, ಸೆಂಟರ್ ನಡೆಸಬೇಕೆಂದು ನನ್ನ ಆಸೆ. ಆಸೆ ಎನ್ನುವುದಕ್ಕಿಂತ ನಿಶ್ಚಯ. ಎರಡು ಟೈಪ್‌ರೈಟರ್ ಇಟ್ಟುಕೊಂಡು ಶುರು ಮಾಡಿದ್ದು, ಆರು ವರ್ಷ ಆಯಿತು, ಅದನ್ನು ಬಿಟ್ಟು ನಾನು ಇರಲಾರೆ. ನಿಮ್ಮ ಮನೆಯಲ್ಲಿ ಕೇಳಿ ತಿಳಿಸಿ.

ಇದನ್ನು ಕಂಡಕ್ಟರ್ ಉಮಾಮಹೇಶ್ವರನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಕಾಲೇಜು ಅವನಿಗೆ ಗೊತ್ತಂತೆ.

ದಾಕ್ಷಾಯಿಣಿ

*

ಬಾಳಗಡಿ, ಕೊಪ್ಪ
21 ಆಗಸ್ಟ್ 2006

ದಾಕ್ಷಾಯಿಣಿಯವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಕಂಡಕ್ಟರ್ ಲ್ಯಾಬಿನ ಬಾಗಿಲಿಗೇ ತಂದು, ಎನ್.ಆರ್. ಪುರದಿಂದ ಎಂದು ಗಟ್ಟಿಯಾಗಿ ಹೇಳಿ ಕೊಟ್ಟ. ಅವತ್ತು ನಾನು ಪಾಠ ಮಾಡಿದ್ದು ಯಾವ ವಿದ್ಯಾರ್ಥಿಯ ತಲೆಗೂ ಹೋಗಿರಲಾರದು.

ಮೂಲ ಸಿ.ಡಿ. ಇಲ್ಲದಿರುವುದೇ ನಿಮ್ಮ ತೊಡಕು. ವಿಂಡೋಸ್ ಈಗ ನಡೆಯುತ್ತಿದೆ, ಸರಿ. ಲಿನಕ್ಸ್ ಹಾಕುವಾಗ ಕೈತಪ್ಪಿ ಅದು ಅಳಿಸಿಹೋದರೆ ಮತ್ತೆ ಹಾಕಲು ನಿಮ್ಮ ಹತ್ತಿರ ಏನೂ ಇಲ್ಲ. ಆದರೆ ಸಿ.ಡಿ. ಕೊಡದ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಹಾರ್ಡ್ ಡಿಸ್ಕಿನ ಒಂದು ಭಾಗವನ್ನು ಬೇರೆ ಮಾಡಿ, ವಿಂಡೋಸಿನ ಒಂದು ಪ್ರತಿಯನ್ನು ಅಲ್ಲಿಟ್ಟಿರುತ್ತಾರೆ. ನಿಮ್ಮದರಲ್ಲಿ ಡಿ ಎಂದು ಕಾಣುವುದು ಅದೇ ಇರಬೇಕು. ಮೊದಲು ಅದನ್ನು ಒಂದು ಖಾಲಿ ಸಿ.ಡಿ.ಗೆ ಬರೆದುಕೊಳ್ಳಿ. ಅದರಿಂದ ಕಂಪ್ಯೂಟರ್ ಶುರುವಾಗುತ್ತದೆಯೇ ಎಂದು ಪರೀಕ್ಷಿಸಿ. ಮೂಲ ಸಿ.ಡಿ.ಯ ಜಾಗದಲ್ಲಿ ಇನ್ನು ನಿಮಗೆ ಅದೊಂದೇ.

ಲಿನಕ್ಸಿನ ಸಿ.ಡಿ. ಇದರ ಜೊತೆಗಿದೆ. ಕೇಳಿದವರಿಗೆಲ್ಲ ಹೊರದೇಶದಿಂದ ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಾರೆ. ಅದನ್ನು ಒಳಗೆ ಹಾಕದೆ, ಸಿ.ಡಿ.ಯಿಂದಲೇ ನಡೆಸಿ ನೋಡಬಹುದು. ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಮೊದಲು ಹಾಗೆ ನೋಡಿ. ಮುಂದಿನದನ್ನು ಆಮೇಲೆ ಬರೆಯುತ್ತೇನೆ.

ಅಪ್ಪ ಅಮ್ಮ ಕ್ಷೇಮ. ನಮ್ಮ ಬಟ್ಟೆ ಅಂಗಡಿಯಲ್ಲಿ ಗೌರಿ ಹಬ್ಬದ ಸೀರೆಗಳ ಗಡಿಬಿಡಿ ಇದೆ.

ಗಂಗಾಧರ್

*

ನರಸಿಂಹರಾಜಪುರ
2 ಸೆಪ್ಟೆಂಬರ್ 2006

ಗಂಗಾಧರ್ ಅವರಿಗೆ ನಮಸ್ಕಾರಗಳು.

ಮೂರು ಸಿ.ಡಿ. ಹಾಳು ಮಾಡಿ ನಾಲ್ಕನೆಯದರಲ್ಲಿ ಗೆದ್ದೆ. ಡಬ್ಬಿಗೆ ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಬೀರುವಿನಲ್ಲಿ ಇಟ್ಟಿದ್ದೇನೆ. ಕಂಪ್ಯೂಟರ್ ಅದರಿಂದ ಶುರುವಾಗುತ್ತದೆ, ನೋಡಿದೆ.

ಆಮೇಲೆ ನಿಮ್ಮ ಲಿನಕ್ಸ್ ಸಿ.ಡಿ. ಹಾಕಿದೆ. ಹುಡುಗಿಯರೆಲ್ಲ ಸುತ್ತ ನಿಂತಿದ್ದರು. ಭೈರಮ್ಮನೂ ಇದ್ದರು, ಅವರು ಅಂಗನವಾಡಿಯವರು, ನಲವತ್ತೆಂಟನೆಯ ವಯಸ್ಸಿನಲ್ಲಿ ಟೈಪಿಂಗ್ ಕಲಿಯಲು ಬರುತ್ತಾರೆ. ಯಂತ್ರಕ್ಕೆ ಏನೂ ಮಾಡದೆ ಪರದೆಯ ತುಂಬ ಹೊಸದೊಂದು ತೆರೆದುಕೊಂಡಾಗ ಅವರು, “ಇದೆಂತ ಮಾರಾಯ್ತಿ, ಮನೆ ಕಟ್ಟದೆ ಗೃಹಪ್ರವೇಶ ಮಾಡ್ದಂಗಾತಲ್ಲ” ಎಂದರು. ಬಹಳ ನಿಧಾನ, ಆದರೆ ನಡೆಯಿತು. ಆರಿಸಿ ಮತ್ತೆ ಹಚ್ಚಿದರೆ ನಮ್ಮ ವಿಂಡೋಸ್ ಇದ್ದಲ್ಲೇ ಇತ್ತು.

ಬಸ್ಸಿನ ವಿಷಯಕ್ಕೆ ನೀವು ಒಂದಕ್ಷರವೂ ಬರೆಯಲಿಲ್ಲ. ನಿಮ್ಮ ಕಾಗದವನ್ನು ಎರಡು ಸಲ ಓದಿದೆ, ಹಿಂದುಗಡೆಯೂ ತಿರುಗಿಸಿ ನೋಡಿದೆ. ಬೇಡವಾಗಿದ್ದರೆ ಬೇಡ ಎಂದು ಬರೆಯುವ ಜನ ನೀವು, ಒಂದು ಸಿ.ಡಿ.ಗೇ ಅಷ್ಟು ಎಚ್ಚರಿಕೆ ಹೇಳುವವರು ಇದನ್ನು ಬಿಡುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಆಗಬಹುದು ಎಂದಿದ್ದಾರೆಂದೇ ತಿಳಿದುಕೊಂಡೆ. ಜೂನ್‌ವರೆಗಿನ ಹೊಸ ಬ್ಯಾಚಿಗೆ ಹನ್ನೆರಡು ಹುಡುಗಿಯರನ್ನು ಸೇರಿಸಿಕೊಂಡಿದ್ದೇನೆ. ಬಸ್ಸಿನ ವೇಳೆಯನ್ನೂ ಉಮಾಮಹೇಶ್ವರನ ಹತ್ತಿರ ಕೇಳಿಟ್ಟುಕೊಂಡೆ. ಅವನು ಈಗಲೇ ನನಗೆ ಕಿಟಕಿಯ ಸೀಟು ಹಿಡಿದಿಡುವ ಭರವಸೆ ಕೊಟ್ಟಿದ್ದಾನೆ.

ಮುಂದಿನ ಪಾಠ ಕಳಿಸಿ.

ದಾಕ್ಷಾಯಿಣಿ

*

ಬಾಳಗಡಿ
13 ಸೆಪ್ಟೆಂಬರ್ 2006

ದಾಕ್ಷಾಯಿಣಿ,

ನೀನು ಎಂದು ಬರೆಯಬಹುದೇ ಎಂದು ಕೇಳಬೇಕೆಂದಿದ್ದೆ. ಕೇಳುವುದರೊಳಗೆ ಬರೆದುಬಿಟ್ಟೆ. ನನ್ನ ವಿದ್ಯಾರ್ಥಿಗಳಲ್ಲಿ ಮೂವರಿಗೆ ಕೂಡ ಇನ್ನೂ ಬಾರದ ಕೆಲಸವನ್ನು ನೀನು ಒಂದು ಕಾಗದ ಓದಿ ಮಾಡಿದ್ದೀಯೆ. ಸಂತೋಷವಾಯಿತು.

ಈಗ ಮುಂದಿನದು. ನಿನ್ನ ಡಿಸ್ಕ್ ಚಿಕ್ಕದು. ಸಿ.ಡಿ. ಸರಿಯಿದೆ ಎಂದು ಖಾತ್ರಿಯಾದ ಮೇಲೆ ಡಿ ಭಾಗವನ್ನು ಅಳಿಸಿಬಿಡು. ಆ ಜಾಗ ಖಾಲಿಯಾಗುತ್ತದೆ, ಲಿನಕ್ಸ್ ಅಲ್ಲಿ ಕೂರುತ್ತದೆ. ಹಾಕುವಾಗ ಒಂದು ಕಡೆ ಅದು ನಿನ್ನನ್ನು ಕೇಳುತ್ತದೆ: ಇಡೀ ಡಿಸ್ಕನ್ನು ಅಳಿಸಲೇ, ಖಾಲಿ ಜಾಗವನ್ನು ಮಾತ್ರ ಬಳಸಲೇ? ಎರಡನೆಯದನ್ನೇ ಆರಿಸಬೇಕು. ಮೊದಲನೆಯದಾದರೆ ವಿಂಡೋಸ್ ಹೋಯಿತು, ನಿನ್ನ ಎರಡು ವರ್ಷದ ಕೆಲಸವೂ ಹೋಯಿತು. ಅಲ್ಲಿ ಎರಡು ಸಲ ಓದಿ ಆಮೇಲೆ ಒತ್ತು. ದಸರಾ ರಜೆಯಲ್ಲಿ ಹುಡುಗಿಯರಿಲ್ಲದಾಗ ಮಾಡು.

ಹನ್ನೆರಡು ಹುಡುಗಿಯರ ವಿಷಯ ಓದಿದೆ. ಜಾಸ್ತಿಯಾಯಿತೇನೋ. ಉಳಿದದ್ದನ್ನು ಸಿಕ್ಕಿದಾಗ ಮಾತಾಡೋಣ, ಅವಸರವೇನಿಲ್ಲ.

ಗಂಗಾಧರ್

*

ನರಸಿಂಹರಾಜಪುರ
4 ಅಕ್ಟೋಬರ್ 2006

ಗಂಗಾಧರ್ ಅವರಿಗೆ,

ಹನ್ನೆರಡು ಜಾಸ್ತಿ ಎಂದಿರಿ. ದಿನವೂ ಬಸ್ಸಿನಲ್ಲಿ ಓಡಾಡಿ ದಣಿದೇನೆಂಬ ಕಾಳಜಿ ಇರಬೇಕು. ಅದನ್ನು ಓದಿ ಆ ದಿನವೆಲ್ಲ ನಾನು ಹುಡುಗಿಯರಿಗೆ ಗದರಲೇ ಇಲ್ಲ.

ಈಗ ಸಿಟ್ಟು ಮಾಡಿಕೊಳ್ಳದೆ ಓದಿ. ನೀವು ಹೇಳಿದಂತೆ ಶುಕ್ರವಾರ ಡಿ ಭಾಗವನ್ನು ಅಳಿಸಿದೆ. ಭಾನುವಾರ ಆಯುಧಪೂಜೆ. ಸೆಂಟರಿನ ಪೂಜೆಯನ್ನು ಪ್ರತಿವರ್ಷ ಅಮ್ಮನೇ ಮಾಡುವುದು. ಟೈಪ್‌ರೈಟರುಗಳಿಗೆ ಹೂವು, ಕಂಪ್ಯೂಟರಿನ ತಲೆಗೆ ಬಿಲ್ವಪತ್ರೆ, ಎಲ್ಲಾ ಆಯಿತು. ಇದು ಮುಖ್ಯವಾದದ್ದು, ಜೋಪಾನ ಎಂದು ನಾನೇ ಹತ್ತು ಸಲ ಹೇಳಿದ್ದೆನಲ್ಲ, ಅಮ್ಮ ಬೀರುವಿನಿಂದ ಆ ಸಿ.ಡಿ.ಯನ್ನೂ ತೆಗೆದು ಮಣೆಯ ಮೇಲಿಟ್ಟು, ಅಚ್ಚುಕಟ್ಟಾಗಿ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಿದ್ದಾರೆ. ಹೊಳೆಯುವ ಕಡೆಗೆ. ಯಾಕೆ ಎಂದರೆ, “ಮತ್ತೆ? ಬರ್ದಿದ್ದು ಬೆನ್ನಲ್ವಾ, ಮುಖ ಕಾಣೋ ಕಡೇನೇ ಮುಖ” ಎಂದರು.

ಅಷ್ಟೇ ಆಗಿದ್ದರೆ ಒರೆಸಬಹುದಿತ್ತು. ಮಾರನೆಯ ದಿನ ಕುಂಕುಮದ ಕಲೆ ಹೋಗಲಿಲ್ಲವೆಂದು ದೀಪದ ಕಂಬಗಳ ಜೊತೆಗೇ ತೆಗೆದುಕೊಂಡು ಹೋಗಿ, ತೆಂಗಿನ ನಾರಿಗೆ ಬೂದಿ ಹಚ್ಚಿ ಉಜ್ಜಿದ್ದಾರೆ. ಫಳಫಳ ಎನ್ನುತ್ತಿದೆ. ಕಂಪ್ಯೂಟರ್ ಮಾತ್ರ ಅದನ್ನು ನುಂಗಿ ಗರಗರ ಎಂದು ತಿರುಗಿಸಿ ಉಗುಳುತ್ತದೆ. ಅಮ್ಮನಿಗೆ ಹೇಳಿದಾಗ ಪಾಪ ಅವರ ಕಣ್ಣಲ್ಲಿ ನೀರು ಬಂತು. ನಾನೇ ಸಮಾಧಾನ ಮಾಡಿದೆ, ಆಮೇಲೆ ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತೆ.

ಡಿ ಇಲ್ಲ, ಸಿ.ಡಿ.ಯೂ ಇಲ್ಲ. ವಿಂಡೋಸ್ ನಡೆಯುತ್ತಿದೆ, ಹೋದರೆ ಹೋಯಿತು. ನಾನು ಈಗ ಏನು ಮಾಡಲಿ?

ದಾಕ್ಷಾಯಿಣಿ

*

ಬಾಳಗಡಿ
6 ಅಕ್ಟೋಬರ್ 2006

ದಾಕ್ಷಾಯಿಣಿ,

ಏನೂ ಮುಟ್ಟಬೇಡ. ನಮ್ಮ ಕಾಲೇಜಿನಲ್ಲಿ ಅದೇ ಕಂಪನಿಯ, ಅದೇ ಮಾದರಿಯ ಒಂದು ಕಂಪ್ಯೂಟರ್ ಇದೆ. ಅದರಿಂದ ಇನ್ನೊಂದು ಪ್ರತಿ ಮಾಡುತ್ತೇನೆ. ಭಾನುವಾರ ನಾನೇ ತರುತ್ತೇನೆ, ಲಿನಕ್ಸ್ ಹಾಕುವಾಗ ಜೊತೆಗಿರುತ್ತೇನೆ. ಅಮ್ಮನಿಗೆ ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳು.

ನಿನ್ನನ್ನು ನೋಡಿದ ಹಾಗೂ ಆಯಿತು.

ಗಂಗಾಧರ್

*

ನರಸಿಂಹರಾಜಪುರ
10 ಅಕ್ಟೋಬರ್ 2006

ಗಂಗಾಧರ್ ಅವರಿಗೆ,

ವಿಂಡೋಸ್, ಲಿನಕ್ಸ್ ಎರಡೂ ಚೆನ್ನಾಗಿ ನಡೆಯುತ್ತಿವೆ. ಮೊನ್ನೆ ನೀವು ಸ್ಟೂಲಿನ ಮೇಲೆ ಕೈಕಟ್ಟಿ ಕೂತು, ಎಲ್ಲವನ್ನೂ ನನ್ನ ಕೈಯಿಂದಲೇ ಮಾಡಿಸಿದಿರಿ. ಖಾಲಿ ಜಾಗವನ್ನು ಮಾತ್ರ ಬಳಸು ಎಂಬುದನ್ನು ಒತ್ತುವ ಮೊದಲು ನಾನು ಎರಡು ಸಲ ಓದಿದೆ, ನೀವು ಒತ್ತು ಎಂದಿರಿ. ಆ ಒಂದು ಗಂಟೆ ನನಗೆ ಬಹಳ ಇಷ್ಟವಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದು ಬೇರೆ.

ಕಟ್ಟಡದ ಮಾಲೀಕ ಮಂಜಪ್ಪನವರು ಬಂದರಲ್ಲ. ನಿಮ್ಮನ್ನು ನೋಡಿ ನಕ್ಕು, ನನ್ನ ಕಡೆ ತಿರುಗಿ, “ದೀಪಾವಳಿಗೆ ಖಾಲಿ ಮಾಡ್ತೀರಿ ಅಂತ ನಿಮ್ಮಪ್ಪ ಹೇಳಿದ್ರು. ಟೈಲರ್ ಒಬ್ರು ಕೇಳ್ತಿದಾರೆ, ಮಾತು ಕೊಡ್ಲಾ?” ಎಂದರು. ಅವರು ಬೇರೆ ಯಾರನ್ನೋ ಎಂದುಕೊಂಡು ಮಾತಾಡುತ್ತಿದ್ದಾರೇನೋ ಎಂದು ನಾನು ನಿಮ್ಮ ಮುಖ ನೋಡಿದೆ. ನಿಮಗೆ ಆಶ್ಚರ್ಯವಾಗಿರಲಿಲ್ಲ. ನೀವು ಪರದೆಯನ್ನು ನೋಡುತ್ತಿದ್ದಿರಿ, ಆ ಹೊತ್ತಿಗೆ ಪರದೆಯಲ್ಲಿ ಏನೂ ಇರಲಿಲ್ಲ.

ನೀವು ಬಸ್ಸು ಹತ್ತಿದ ಮೇಲೆ ಅಪ್ಪನನ್ನು ಕೇಳಿದೆ. ನಿಶ್ಚಿತಾರ್ಥದ ದಿನವೇ ಒಳಕೋಣೆಯಲ್ಲಿ ಹಿರಿಯರು ಮಾತಾಡಿ ತೀರ್ಮಾನಿಸಿದ್ದು ಎಂದರು. ಹುಡುಗ ಅಲ್ಲೇ ಇದ್ದ, ಅವನಿಗೂ ಒಪ್ಪಿಗೆ ಎಂದರು. ನನಗೆ ಹೇಳದಿದ್ದುದು ಯಾಕೆಂದರೆ ನಾನು ಗಲಾಟೆ ಮಾಡುತ್ತೇನೆಂದು.

ನಾನು ಆಗಸ್ಟ್‌ನಲ್ಲಿ ಕೇಳಿದೆ, ಸೆಪ್ಟೆಂಬರಿನಲ್ಲಿ ಬರೆದೆ. ನಿಮಗೆ ಎಲ್ಲ ಗೊತ್ತಿತ್ತು. ಹನ್ನೆರಡು ಹುಡುಗಿಯರು ಸೇರಿದ್ದೂ ಗೊತ್ತಿತ್ತು. ಒಳಕೋಣೆಯಲ್ಲಿ ಏನಾಯಿತೆಂದು ನಿಮ್ಮಿಂದಲೇ ನನಗೆ ತಿಳಿಯಬೇಕು.

ದಾಕ್ಷಾಯಿಣಿ

*

ಬಾಳಗಡಿ
14 ಅಕ್ಟೋಬರ್ 2006

ದಾಕ್ಷಾಯಿಣಿ,

ಮೂರು ಹಾಳೆ ಹರಿದು ಇದನ್ನು ಬರೆಯುತ್ತಿದ್ದೇನೆ.

ಒಳಕೋಣೆಯಲ್ಲಿ ನಾಲ್ವರಿದ್ದೆವು, ನನ್ನ ಅಪ್ಪ, ನಿನ್ನ ಅಪ್ಪ, ನಮ್ಮ ಚಿಕ್ಕಪ್ಪ, ನಾನು. ಅಪ್ಪ ನಿನ್ನ ಸೆಂಟರಿನ ವಿಷಯ ಎತ್ತಿದರು. ನಿನ್ನ ಅಪ್ಪ ಕೂಡಲೇ, ದೀಪಾವಳಿಗೆ ಮುಚ್ಚಿಸುತ್ತೇನೆ, ನೀವು ಯೋಚನೆ ಮಾಡಬೇಡಿ ಎಂದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಚಿರೋಟಿಯ ತಟ್ಟೆ ಇತ್ತು. ನಾನು ತಿನ್ನುತ್ತಾ ಕೂತೆ.

ಅಪ್ಪ ಕೆಟ್ಟವರಲ್ಲ. ಆದರೆ ಅವರ ಎದುರಿಗೆ ಇಲ್ಲ ಎನ್ನುವುದು ನನಗೆ ಅಭ್ಯಾಸವಿಲ್ಲ. ಏನು ಓದಬೇಕೆಂದು ಅವರೇ ಹೇಳಿದರು, ಎಲ್ಲಿ ಕೆಲಸಕ್ಕೆ ಸೇರಬೇಕೆಂದೂ ಅವರೇ. ಎಲ್ಲವೂ ಸರಿಯಾಗಿಯೇ ಆಯಿತು, ಹಾಗಾಗಿ ಬಾಯಿ ಬಿಡುವ ಪ್ರಸಂಗವೇ ಬರಲಿಲ್ಲ ಎಂದುಕೊಂಡಿದ್ದೆ. ನಿನ್ನ ಮೊದಲ ಕಾಗದಕ್ಕೆ ಉತ್ತರ ಬರೆಯುವಾಗ ಇದನ್ನೆಲ್ಲ ಬರೆದಿದ್ದೆ. ಆಮೇಲೆ ಆ ಭಾಗವನ್ನು ಬಿಟ್ಟು, ಬರೀ ಕಂಪ್ಯೂಟರಿನದನ್ನು ಹೊಸ ಹಾಳೆಗೆ ಇಳಿಸಿ ಕಳಿಸಿದೆ. ಎರಡನೆಯದಕ್ಕೂ ಹಾಗೇ ಮಾಡಿದೆ. ನಿನ್ನ ಕಾಗದಗಳು ನಿಂತುಹೋದಾವೆಂದು ಹೆದರಿಕೆಯಾಗಿತ್ತು.

ಈಗ ಒಂದು ಕೇಳಿಕೊಳ್ಳುತ್ತೇನೆ. ಸದ್ಯಕ್ಕೆ ಮುಚ್ಚು. ಮದುವೆಯಾಗಲಿ. ಒಂದಾರು ತಿಂಗಳು ಕಳೆಯಲಿ, ಸಮಯ ನೋಡಿ ನಾನು ಅಪ್ಪನಿಗೆ ಹೇಳುತ್ತೇನೆ. ಅವರನ್ನು ಈಗ ಎದುರುಹಾಕಿಕೊಂಡರೆ ನಿನಗೇ ಆ ಮನೆಯಲ್ಲಿ ಕಷ್ಟ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಗಂಗಾಧರ್

*

ನರಸಿಂಹರಾಜಪುರ
17 ಅಕ್ಟೋಬರ್ 2006

ಗಂಗಾಧರ್ ಅವರಿಗೆ,

ನಿನ್ನೆ ನಾನು ಕೊಪ್ಪಕ್ಕೆ ಬಂದಿದ್ದೆ. ನೀವು ಕಾಲೇಜಿನಲ್ಲಿರುವ ಹೊತ್ತು ನೋಡಿಯೇ ಬಂದೆ. ಅಮ್ಮನನ್ನು ಜೊತೆಗೆ ಕರೆದುಕೊಂಡು ನೆಟ್ಟಗೆ ನಿಮ್ಮ ಬಟ್ಟೆ ಅಂಗಡಿಗೆ ಹೋದೆ. ನಿಮ್ಮ ತಂದೆ ಯಾರಿಗೋ ಪಂಚೆ ಅಳೆದು ಕೊಡುತ್ತಿದ್ದರು. ನಮ್ಮನ್ನು ನೋಡಿ ಗಾಬರಿಯಾಗಿ, ಏನಮ್ಮ, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದರು. ಗಿರಾಕಿ ಹೋಗುವವರೆಗೆ ಕಾದೆ. ಆಮೇಲೆ, ಸೆಂಟರ್ ಮುಚ್ಚಬೇಕೆಂದು ನೀವು ಹೇಳಿದಿರಂತೆ, ಯಾಕೆಂದು ಕೇಳಲು ಬಂದೆ ಎಂದೆ.

ಅವರು ಅಳತೆಗೋಲು ಕೆಳಗಿಟ್ಟರು. ಅವರ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ.

“ಮುಚ್ಚಿ ಅಂತ ನಾನು ಅಂದಿಲ್ಲಮ್ಮ. ಮುಂದೆ ಏನ್ ಮಾಡ್ತೀರಿ ಅಂತ ಕೇಳ್ದೆ, ಅಷ್ಟೇಯ. ನಿಮ್ಮಪ್ಪ ಮುಚ್ಚಿಸ್ತೀನಿ ಅಂದ್ರು. ನಮ್ಮವನ ಮುಖ ನೋಡ್ದೆ, ಅವ್ನೂ ಸುಮ್ನಿದ್ದ. ನಿಮ್ಮಿಬ್ರಿಗೂ ಅದೇ ಬೇಕೇನೋ ಅಂತ ತಿಳ್ಕಂಡೆ.”

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಗಂಡಿನ ಕಡೆಯವರು ಅಂಥದ್ದನ್ನು ಕೇಳಿದರೆಂದರೆ ಬೇಡ ಎಂದೇ ಅರ್ಥ, ಅವರ ಬಾಯಲ್ಲಿ ಹೇಳಿಸಬಾರದು, ನಾವೇ ಮುಂದಾಗಿ ಹೇಳಬೇಕು ಎಂದರು. ನಮ್ಮ ಕಡೆ ಹೆಣ್ಣು ಹೆತ್ತವರೆಲ್ಲ ಹೀಗೇ ಮಾಡುವುದು, ಅವರನ್ನು ಬೈದು ಏನು ಪ್ರಯೋಜನ. ಯಾರೂ ಹೇಳದ ಮಾತಿಗೆ ನನ್ನ ಆರು ವರ್ಷ ಮುಚ್ಚಿಹೋಗುವುದರಲ್ಲಿತ್ತು. ಆ ಕೋಣೆಯಲ್ಲಿ ಇದ್ದ ನಾಲ್ವರಲ್ಲಿ ನನಗೆ ಏನು ಬೇಕೆಂದು ಗೊತ್ತಿದ್ದದ್ದು ನಿಮ್ಮೊಬ್ಬರಿಗೇ. ಜಗಲಿಯಲ್ಲಿ ಸಿಕ್ಕ ಹತ್ತು ನಿಮಿಷದಲ್ಲಿ ನಾನು ಸೆಂಟರಿನದನ್ನೇ ಅಲ್ಲವೇ ಮಾತಾಡಿದ್ದು.

ನಿಮ್ಮ ತಂದೆ ಖುಷಿಯಿಂದೇನೂ ಒಪ್ಪಲಿಲ್ಲ. ಮನೆಯ ಸೊಸೆ ದಿನಾ ಬಸ್ಸು ಹತ್ತುವುದು ತನಗೆ ಇಷ್ಟವಿಲ್ಲ ಎಂದರು. ಆದರೂ, ನೀನೇ ಬಂದು ಕೇಳಿದ್ದೀಯ, ಒಂದು ವರ್ಷ ನೋಡೋಣ ಎಂದರು. ಅಮ್ಮನಿಗೆ ರವಿಕೆ ಕಣ ಕೊಟ್ಟು, ಊಟ ಮಾಡಿಸಿ ಕಳಿಸಿದರು. ನಿಮ್ಮ ತಾಯಿ ಗಿರಿಯಮ್ಮನವರು ಬಸ್ ಸ್ಟ್ಯಾಂಡಿನವರೆಗೂ ಬಂದರು. ಮಂಜಪ್ಪನವರಿಗೆ ಇವತ್ತು ಬೆಳಿಗ್ಗೆ ಖಾಲಿ ಮಾಡುವುದಿಲ್ಲ ಎಂದು ಹೇಳಿದ್ದೇನೆ.

ಅಲ್ಲಿಗೆ ಸೆಂಟರಿನದು ಮುಗಿಯಿತು. ನನಗೆ ಈಗ ಹೆದರಿಕೆ ನಿಮ್ಮ ತಂದೆಯದಲ್ಲ, ನಿಮ್ಮದು.

ಕಂಪ್ಯೂಟರ್ ಹಚ್ಚಿದ ಕೂಡಲೇ ಯಾವುದು ಬೇಕು ಎಂದು ಎರಡರ ಹೆಸರು ತೋರಿಸುತ್ತದೆಯಲ್ಲ, ಹತ್ತು ಸೆಕೆಂಡು ಎಣಿಸಿ, ಯಾರೂ ಏನೂ ಹೇಳದಿದ್ದರೆ ತಾನೇ ಒಂದನ್ನು ತೆರೆದುಬಿಡುತ್ತದೆ. ಮೊನ್ನೆ ಭೈರಮ್ಮ ಕನ್ನಡಕ ಹುಡುಕುವಷ್ಟರಲ್ಲಿ ಅವರಿಗೆ ಬೇಡದ್ದು ತೆರೆದಿತ್ತು. ನೀವು ಬಿಟ್ಟುಹೋದ ಟಿಪ್ಪಣಿ ನೋಡಿಕೊಂಡು ಆ ಪಟ್ಟಿಯ ಫೈಲ್ ಹುಡುಕಿ, ಹತ್ತು ಸೆಕೆಂಡಿನ ಸಾಲನ್ನು ತೆಗೆದುಹಾಕಿದೆ. ಈಗ ಅದು ನಾವು ಹೇಳುವವರೆಗೆ ಕಾಯುತ್ತದೆ, ಸಂಜೆಯಾದರೂ ಕಾಯುತ್ತದೆ. ಯಂತ್ರವನ್ನು ಹಾಗೆ ಮಾಡಬಹುದು. ಆರು ತಿಂಗಳೋ ವರ್ಷವೋ, ನೀವು ಬಾಯಿ ಬಿಡುವವರೆಗೆ ನಾನು ಹಾಗೆ ಕಾಯುವವಳಲ್ಲ.

ನನಗೆ ನೀವೆಂದರೆ ಇಷ್ಟ. ಅದಕ್ಕೇ ಇಷ್ಟು ಸಂಕಟವಾಗುತ್ತಿದೆ. ನಾಳೆ ನಿಮ್ಮ ಮನೆಯಲ್ಲಿ, ನಾನಿಲ್ಲದ ಕಡೆ, ನನ್ನ ವಿಷಯವನ್ನು ಯಾರೋ ತೀರ್ಮಾನಿಸುವಾಗ ನೀವು ತಟ್ಟೆ ನೋಡುತ್ತಾ ಕೂರುತ್ತೀರಾ? ಇದು ಗೊತ್ತಾಗದೆ ನಾನು ಮಾಘದ ಮುಹೂರ್ತಕ್ಕೆ ಒಪ್ಪುವುದಿಲ್ಲ. ಅಪ್ಪನಿಗೂ ಹೇಳಿದ್ದೇನೆ. ಅವರು ನಿನ್ನೆಯಿಂದ ನನ್ನ ಹತ್ತಿರ ಮಾತಾಡಿಲ್ಲ.

ದಾಕ್ಷಾಯಿಣಿ

*

ಕೊಪ್ಪ
18 ಅಕ್ಟೋಬರ್ 2006

ದಾಕ್ಷಾಯಿಣಿಯವರಿಗೆ ನಮಸ್ಕಾರ.

ನೀವು ಅಂಗಡಿಗೆ ಬಂದದ್ದನ್ನು ಅಪ್ಪ ಅಮ್ಮ ಇಬ್ಬರೂ ನನಗೆ ಹೇಳಿರಲಿಲ್ಲ. ನಾನಾಗಿ ಏನಾದರೂ ಕೇಳುತ್ತೇನೆಯೇ ಎಂದು ಅಮ್ಮ ಎರಡು ದಿನ ನೋಡುತ್ತಿದ್ದರಂತೆ.

ನಿಮ್ಮ ಕಾಗದ ಇವತ್ತು ಮಧ್ಯಾಹ್ನ ಬಂತು. ಸಂಜೆ ಅಪ್ಪ ಅಂಗಡಿಯಿಂದ ಬಂದು ಕೈಕಾಲು ತೊಳೆದ ಮೇಲೆ ಇಬ್ಬರನ್ನೂ ಕೂರಿಸಿ ಅದನ್ನು ಓದಿದೆ, ಮೊದಲಿಂದ ಕೊನೆಯವರೆಗೆ. ‘ಹೆದರಿಕೆ ನಿಮ್ಮದು’ ಎಂದು ಬರೆದಿದ್ದೀರಲ್ಲ, ಅಲ್ಲಿಗೆ ಬಂದಾಗ ಹಾಳೆಯನ್ನು ಕೆಳಗಿಟ್ಟೆ. ಅಮ್ಮ, “ಮುಂದೆ ಓದು” ಎಂದರು. ಓದಿದೆ.

ಆಮೇಲೆ ಅಪ್ಪ, ಒಂದು ವರ್ಷ ನೋಡೋಣ ಎಂದು ಹೇಳಿದ್ದೇನಲ್ಲ, ಇನ್ನೇನು ಎಂದರು. ನಾನು, “ಒಂದು ವರ್ಷ ಅಂತ ನಾವು ಹೇಳೋದಲ್ಲಪ್ಪ. ಎಷ್ಟು ದಿನ ಅಂತ ಅವಳು ಹೇಳ್ಲಿ” ಎಂದೆ. ಅಪ್ಪ ಎದ್ದು ಒಳಗೆ ಹೋದರು. ಊಟಕ್ಕೂ ಬರಲಿಲ್ಲ. ಅವರು ಊಟ ಬಿಟ್ಟದ್ದು ನನಗೆ ಸಂಕಟವಾಗಿದೆ. ಅವರ ಕೋಣೆಯ ಬಾಗಿಲವರೆಗೆ ಎರಡು ಸಲ ಹೋಗಿ ಊಟಕ್ಕೆ ಬನ್ನಿ ಎಂದು ಕರೆದೆ. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ನಿಮ್ಮ ಒಳ್ಳೆಯದಕ್ಕೆ ಎಂದು ಕಳೆದ ಕಾಗದದಲ್ಲಿ ಬರೆದಿದ್ದೆ. ಅದು ಸುಳ್ಳು. ನನ್ನ ನೆಮ್ಮದಿಗೆ ಬರೆದದ್ದು.

ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಒಳಕೋಣೆಯಲ್ಲಿ ಹೇಳಬೇಕಾಗಿದ್ದನ್ನು ನಿಮ್ಮ ತಂದೆಯವರ ಎದುರು ಹೇಳುತ್ತೇನೆ. ಮಂಜಪ್ಪನವರ ಎದುರೂ ಹೇಳುತ್ತೇನೆ, ಅವತ್ತು ಅವರು ಕೇಳಿದಾಗಲೂ ನಾನು ಅಲ್ಲೇ ಕೂತಿದ್ದೆ. ನೀವು ಮದುವೆಗೆ ಒಪ್ಪಿದರೂ ಹೇಳುತ್ತೇನೆ, ಒಪ್ಪದಿದ್ದರೂ ಹೇಳುತ್ತೇನೆ. ನಿಮ್ಮ ಉತ್ತರಕ್ಕಾಗಿ ಬರುತ್ತಿಲ್ಲ.

ಈ ಕಾಗದವನ್ನು ಯಾರ ಕೈಯಲ್ಲೂ ಕಳಿಸುವುದಿಲ್ಲ, ನಾನೇ ತಂದುಕೊಡುತ್ತೇನೆ. ನೀವು ಓದಿ ಮುಗಿಸುವವರೆಗೂ ಎದುರಿಗೇ ಇರುತ್ತೇನೆ. ಆಮೇಲೆ ಏನು ಕೇಳಬೇಕೋ ಕೇಳಿ.

ಗಂಗಾಧರ್